ಬಾಟಲಿ ತಿರುಗಿಸಿ ನೋಡಿ: ‘ನಮ್ಮೂರಿನ’ ಪಾನೀಯ ನಮ್ಮೂರಿನದೇನಾ?

ಹಾಸನದಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇದೆ. ಶುರುಮಾಡಿದಾಗ ಟ್ರೆಡಲ್ ಮೆಷಿನ್ ಇತ್ತು. ಒಂದೊಂದೇ ಅಚ್ಚಿನ ಮೊಳೆ ಜೋಡಿಸಿ ಬಿಲ್ ಬುಕ್, ಮದುವೆ ಕಾಗದ ಹೊಡೆಯುತ್ತಿದ್ದೆ. ಈಗ ಆಫ್‌ಸೆಟ್ ಬಂದಿದೆ. ಕಂಪ್ಯೂಟರ್ ಮುಂದೆ ಮಗ ಕೂರುತ್ತಾನೆ, ಪ್ರೂಫ್ ನೋಡುವ ಕೆಲಸ ಮಾತ್ರ ಇನ್ನೂ ನನ್ನದೇ. ಮದುವೆ ಕಾಗದ ಮೊಬೈಲಿಗೆ ಹೋದ ಮೇಲೆ ನಮ್ಮ ಹೊಟ್ಟೆ ತುಂಬಿಸುತ್ತಿರುವುದು ಲೇಬಲ್ಲುಗಳು. ಕಾಫಿಪುಡಿ, ಜೇನುತುಪ್ಪ, ಉಪ್ಪಿನಕಾಯಿ, ಶರಬತ್ತು.

ಕೆಲವು ವರ್ಷಗಳ ಹಿಂದೆ ಒಬ್ಬರು ಕೆಂಪು ಶರಬತ್ತಿನ ಲೇಬಲ್ ಮಾಡಿಸಲು ಬಂದರು. ಒಂದಲ್ಲ, ಮೂರು ಲೇಬಲ್. ಒಂದರ ಮೇಲೆ ಮಲೆನಾಡಿನ ಹೆಸರು, ಇನ್ನೊಂದರ ಮೇಲೆ ಕರಾವಳಿಯದು, ಮೂರನೆಯದರ ಮೇಲೆ ಕೂರ್ಗ್. ಬಾಟಲಿ ಒಂದೇ, ಒಳಗಿನ ನೀರೂ ಒಂದೇ. ಮೂರನ್ನೂ ಒಂದೇ ಶೀಟಿನಲ್ಲಿ ಕೂರಿಸಿ ಹೊಡೆದರೆ ಖರ್ಚು ಕಡಿಮೆ ಅಂತ ನಾನೇ ಸಲಹೆ ಕೊಟ್ಟೆ. ಮಂಜು ಮುಸುಕಿದ ಬೆಟ್ಟದ ಚಿತ್ರವನ್ನು ಮಗ ಇಂಟರ್ನೆಟ್ಟಿನಿಂದ ಇಳಿಸಿಕೊಂಡ. ಆ ಬೆಟ್ಟ ಯಾವ ದೇಶದ್ದೋ, ಇವತ್ತಿಗೂ ಗೊತ್ತಿಲ್ಲ. ಮೂರರ ಹಿಂಬದಿಯಲ್ಲೂ ಒಂದೇ ವಿಳಾಸ. ಹೊರರಾಜ್ಯದ ಒಂದು ಕೈಗಾರಿಕಾ ಪ್ರದೇಶದ್ದು.

ಅವತ್ತು ಕರೆಂಟ್ ಕಾಟ. ಪ್ರೂಫನ್ನು ಅವಸರದಲ್ಲಿ ನೋಡಿದೆ. ‘ಬೆಟ್ಟದ ತಪ್ಪಲಿನ ಸವಿ’ ಎನ್ನುವ ಸಾಲಿನಲ್ಲಿ ಟಕಾರದ ಒತ್ತು ಬಿಟ್ಟುಹೋಗಿ ‘ಬೆಟದ ತಪ್ಪಲಿನ ಸವಿ’ ಎಂದು ಸಾವಿರಗಟ್ಟಲೆ ಅಚ್ಚಾಯಿತು. ಗಿರಾಕಿ ಓದಿಯೇ ನೋಡಲಿಲ್ಲ. ಎಣಿಸಿಕೊಂಡು, ದುಡ್ಡು ಕೊಟ್ಟು ಹೋದರು.

ಇದನ್ನು ಹೇಳಿದ್ದು ಸುಮ್ನೆ ಅಲ್ಲ. ಲೇಬಲ್ಲಿನ ಮುಂಬದಿ ನಮ್ಮಂಥವರ ಕೈಯಲ್ಲಿ ಹುಟ್ಟುತ್ತದೆ. ಚಿತ್ರ, ಬಣ್ಣ, ಊರಿನ ಹೆಸರು, ಅಜ್ಜಿಯ ಮುಖ, ಎಲ್ಲ ನಾವೇ ಹುಡುಕಿ ಅಂಟಿಸಿದ್ದು. ಹಿಂಬದಿಯನ್ನು ಬರೆಸುವುದು ಕಾನೂನು. ಅಲ್ಲಿ ಅಕ್ಷರ ಸಣ್ಣದು, ಆದರೆ ಗಿರಾಕಿಗಳು ಅದನ್ನು ಬರೆದುಕೊಡುವಾಗ ಸ್ವಲ್ಪ ಹೆದರಿಕೊಂಡೇ ಬರೆದುಕೊಡುತ್ತಾರೆ. ಹಾಗಾಗಿ ನಾನು ಯಾವ ಬಾಟಲಿ ಕೊಂಡರೂ ಮೊದಲು ತಿರುಗಿಸುತ್ತೇನೆ.

ಯಾವ ಅರ್ಥದಲ್ಲಿ ‘ಇಲ್ಲಿಯದು’?

ಹೋದ ಬೇಸಿಗೆಯಲ್ಲಿ ಅಕ್ಕನ ಮಗಳು ಬೆಂಗಳೂರಿನಿಂದ ಬಂದಿದ್ದಳು. ಸಕಲೇಶಪುರದ ಕಡೆ ಸುತ್ತಾಡಿ, ಹೆದ್ದಾರಿ ಬದಿಯ ಅಂಗಡಿಯಿಂದ ಒಂದು ಚೀಲದ ತುಂಬ ಸಾಮಾನು ತಂದಳು. ಎರಡು ಕೆಂಪು ಶರಬತ್ತು, ಎರಡು ಪೊಟ್ಟಣ ಕಾಫಿಪುಡಿ, ಒಂದು ‘ಹೋಮ್‌ಮೇಡ್ ವೈನ್’. ಮೇಜಿನ ಮೇಲೆ ಜೋಡಿಸಿ, “ಮಾವ, ಎಲ್ಲ ಇಲ್ಲಿದೇ ಅಲ್ವಾ?” ಅಂದಳು.

“ಇಲ್ಲಿದು ಅಂದ್ರೆ ಏನು?” ಅಂತ ನಾನು ತಿರುಗಿ ಕೇಳಿದೆ. ತಮಾಷೆಗಲ್ಲ. ಬೆಳೆ ಇಲ್ಲಿಯದಾ? ತಯಾರಾದದ್ದು ಇಲ್ಲಾ? ಬಾಟಲಿಗೆ ತುಂಬಿದ್ದು ಮಾತ್ರ ಇಲ್ಲಾ? ಅಥವಾ ಮಾರುವವನೊಬ್ಬ ಇಲ್ಲಿಯವನಾ? ಈ ನಾಲ್ಕೂ ಬೇರೆ ಬೇರೆ. ಬಿಡದಿಯ ಕಾರ್ಖಾನೆಯಲ್ಲಿ ತುಂಬಿದ ಕೋಕಾ ಕೋಲಾ ‘ತಯಾರಾದ ಜಾಗ’ದ ಲೆಕ್ಕದಲ್ಲಿ ಅಪ್ಪಟ ರಾಮನಗರ ಸೀಮೆಯದು. ಅದನ್ನು ನಮ್ಮೂರಿನ ಪಾನೀಯ ಅಂತ ಯಾರೂ ಕರೆಯುವುದಿಲ್ಲ. ಮೇಲೆ ಯಕ್ಷಗಾನದ ಕಿರೀಟ ಇರುವ ಬಾಟಲಿ ಘಟ್ಟವನ್ನೇ ನೋಡಿರದಿದ್ದರೂ ಅದು ನಮ್ಮದು ಅನ್ನಿಸಿಬಿಡುತ್ತದೆ.

ನನ್ನ ಮಟ್ಟಿಗೆ ಹಣ್ಣು ಅಥವಾ ಬೀಜ ಹೆಸರಿನಲ್ಲಿರುವ ಜಾಗದ್ದಾಗಿರಬೇಕು. ಕುದಿಸಿದ್ದು, ಹುರಿದದ್ದು ಪಕ್ಕದ ಜಿಲ್ಲೆಯಲ್ಲಾದರೆ ತಕರಾರಿಲ್ಲ. ನಿಮ್ಮ ಅಳತೆ ಬೇರೆ ಇರಬಹುದು. ಆದರೆ ಅಂಗಡಿಗೆ ಹೋಗುವ ಮೊದಲೇ ಅದನ್ನು ತೀರ್ಮಾನ ಮಾಡಿಕೊಳ್ಳಿ. ಇಲ್ಲದಿದ್ದರೆ ಮಾರುವವರು ತಮಗೆ ಅನುಕೂಲವಾದ ಅಳತೆಯನ್ನು ನಿಮ್ಮ ಕೈಗೆ ಕೊಡುತ್ತಾರೆ.

ಹಿಂಬದಿ ಓದುವುದು

ಮೊದಲು ವಿಳಾಸ. ಅದರ ಮುಂದೆ ಇರುವ ಎರಡು ಪದ ತುಂಬಾ ಮುಖ್ಯ. ‘ಮ್ಯಾನುಫ್ಯಾಕ್ಚರ್ಡ್ ಬೈ’ ಎಂದರೆ ತಯಾರಿಸಿದವರು. ‘ಪ್ಯಾಕ್ಡ್ ಬೈ’ ಎಂದರೆ ಬೇರೆಯವರಿಂದ ತಂದು ತುಂಬಿದವರು. ‘ಮಾರ್ಕೆಟೆಡ್ ಬೈ’ ಎಂದರೆ ಮಾರುವವರು, ಅಷ್ಟೇ. ಅವರಿಗೆ ಒಂದು ಆಫೀಸು, ಒಂದು ಫೋನು ಇದ್ದರೆ ಸಾಕು. ಕೆಲವು ಗಿರಾಕಿಗಳು ‘ಮಾರ್ಕೆಟೆಡ್ ಬೈ’ ಕೆಳಗಿನ ಊರನ್ನು ದಪ್ಪ ಅಕ್ಷರದಲ್ಲಿ ಹಾಕಿ, ತಯಾರಿಸಿದವರ ವಿಳಾಸವನ್ನು ಸಣ್ಣ ಮಾಡಿ ಅಂತ ಕೇಳುವುದುಂಟು. ಹಾಗೆ ಕೇಳಿದಾಗಲೇ ನನಗೆ ಅರ್ಧ ಕಥೆ ಗೊತ್ತಾಗುತ್ತದೆ. ಓದುವ ನಿಮಗೂ ಇದೇ ಗುರುತು. ಯಾವ ವಿಳಾಸ ಸಣ್ಣದಾಗಿದೆಯೋ ಅದನ್ನು ಮೊದಲು ಓದಿ.

ವಿಳಾಸ ಅರ್ಥವಾಗದಿದ್ದರೆ ಪಿನ್‌ಕೋಡ್ ನೋಡಿ. ಕರ್ನಾಟಕದ ಪಿನ್‌ಕೋಡ್‌ಗಳು 56ರಿಂದ 59ರ ಒಳಗೆ ಶುರುವಾಗುತ್ತವೆ. ಹಾಸನ 573201, ಚಿಕ್ಕಮಗಳೂರು 577101, ಮಡಿಕೇರಿ 571201, ಶಿರಸಿ 581401. ತಮಿಳುನಾಡಿನದು 60ರಿಂದ 64, ಕೇರಳದ್ದು 67ರಿಂದ 69. ಜಿಎಸ್‌ಟಿ ನಂಬರ್ ಇದ್ದರೆ ಅದರ ಮೊದಲ ಎರಡು ಅಂಕಿಯೂ ರಾಜ್ಯವನ್ನು ಹೇಳುತ್ತದೆ. ನಮ್ಮದು 29, ಕೇರಳ 32, ತಮಿಳುನಾಡು 33, ಮಹಾರಾಷ್ಟ್ರ 27.

ಆಮೇಲೆ ಎಫ್‌ಎಸ್‌ಎಸ್‌ಎಐ ನಂಬರ್, ಅಂದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆಯದು. 14 ಅಂಕಿ ಇರುತ್ತದೆ. ಮೊದಲ ಅಂಕಿ 1 ಆದರೆ ಲೈಸೆನ್ಸ್, 2 ಆದರೆ ನೋಂದಣಿ. ನೋಂದಣಿ ಎಂದರೆ ಮನೆಯಲ್ಲಿ ಮಾಡಿ ಮಾರುವಂಥ ಸಣ್ಣವರು. ಮುಂದಿನ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 12. ಹಾಗಾಗಿ 112 ಎಂದೋ 212 ಎಂದೋ ಶುರುವಾದರೆ ನಮ್ಮ ರಾಜ್ಯದಲ್ಲಿ ಕೊಟ್ಟದ್ದು. 113 ಕೇರಳ, 115 ಮಹಾರಾಷ್ಟ್ರ, 124 ತಮಿಳುನಾಡು. 100 ಎಂದು ಶುರುವಾದರೆ ಕೇಂದ್ರದ ಲೈಸೆನ್ಸ್, ಅಂದರೆ ದೊಡ್ಡವರು. ಅದರಲ್ಲಿ ರಾಜ್ಯ ಯಾವುದು ಅಂತ ನಂಬರ್ ನೋಡಿದ ಕೂಡಲೇ ತಿಳಿಯುವುದಿಲ್ಲ.

ಇಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ಒಂದೇ ಲೇಬಲ್ಲಿನಲ್ಲಿ ಎರಡು ನಂಬರ್ ಇರಬಹುದು. ಒಂದು ತಯಾರಿಸಿದವರದು, ಇನ್ನೊಂದು ಮಾರುವವರದು. ನೀವು 112 ನೋಡಿ ಖುಷಿಪಟ್ಟದ್ದು ಮಾರುವವರ ನಂಬರ್ ಆಗಿರಬಹುದು. ಯಾವ ನಂಬರ್ ಯಾರ ಹೆಸರಿನ ಕೆಳಗಿದೆ ನೋಡಿಕೊಳ್ಳಿ. ಅನುಮಾನ ಬಂದರೆ ಎಫ್‌ಎಸ್‌ಎಸ್‌ಎಐನ ಫೋಸ್ಕೋಸ್ ವೆಬ್‌ಸೈಟಿನಲ್ಲಿ ಆ 14 ಅಂಕಿ ಹಾಕಿ. ಯಾರ ಹೆಸರಿಗಿದೆ, ಜಾಗ ಎಲ್ಲಿ, ಲೈಸೆನ್ಸ್ ಜೀವಂತ ಇದೆಯಾ ಎಂದು ಬರುತ್ತದೆ. ಎರಡು ನಿಮಿಷದ ಕೆಲಸ.

ದೊಡ್ಡ ಕಂಪನಿಗಳಿಗೆ ನಾಲ್ಕೈದು ಕಡೆ ಕಾರ್ಖಾನೆ ಇರುತ್ತದೆ. ಅವರು ಎಲ್ಲ ವಿಳಾಸಗಳನ್ನೂ ಎ, ಬಿ, ಸಿ ಎಂದು ಗುರುತು ಹಾಕಿ ಅಚ್ಚು ಹಾಕಿಸಿ, ‘ಬ್ಯಾಚ್ ನಂಬರಿನ ಮೊದಲ ಅಕ್ಷರ ನೋಡಿ’ ಅನ್ನುತ್ತಾರೆ. ಬ್ಯಾಚ್ ನಂಬರ್ ಬಾಟಲಿಯ ಕುತ್ತಿಗೆಯಲ್ಲೋ ಮುಚ್ಚಳದ ಮೇಲೋ ಇರುತ್ತದೆ. ಎರಡನ್ನೂ ಜೋಡಿಸಿದರೆ ನಿಮ್ಮ ಕೈಯಲ್ಲಿರುವ ಬಾಟಲಿ ಎಲ್ಲಿ ತುಂಬಿದ್ದು ಎಂದು ಸಿಗುತ್ತದೆ.

ಬಾರ್‌ಕೋಡ್ 890 ಎಂದಿದ್ದರೆ ಭಾರತದಲ್ಲೇ ತಯಾರಾದದ್ದು ಅಂತ ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜು ಓಡಾಡುತ್ತಿರುತ್ತದೆ. ನಂಬಬೇಡಿ. ಆ ನಂಬರನ್ನು ಕೊಟ್ಟದ್ದು ಭಾರತದ ಸಂಸ್ಥೆ ಎಂದಷ್ಟೇ ಅದರ ಅರ್ಥ. ಸರಕು ಎಲ್ಲಿ ಹುಟ್ಟಿತು ಎಂಬುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು, ನಕ್ಷತ್ರದ ಚುಕ್ಕಿ (*). ಬ್ರ್ಯಾಂಡ್ ಹೆಸರಿನ ಪಕ್ಕದಲ್ಲಿ ಸಣ್ಣ ನಕ್ಷತ್ರದ ಗುರುತು ಇದ್ದರೆ ಅದನ್ನು ಹಿಂಬಾಲಿಸಿ. ‘ನ್ಯಾಚುರಲ್’, ‘ಪ್ಯೂರ್’, ‘ಟ್ರೆಡಿಷನಲ್’, ‘ಅಥೆಂಟಿಕ್’ ಇಂಥ ಪದಗಳು ಬ್ರ್ಯಾಂಡ್ ಹೆಸರಿನಲ್ಲೇ ಸೇರಿಕೊಂಡು ಜನರನ್ನು ದಾರಿ ತಪ್ಪಿಸುವಂತಿದ್ದರೆ, ‘ಇದು ಬರೀ ಬ್ರ್ಯಾಂಡ್ ಹೆಸರು, ವಸ್ತುವಿನ ನಿಜವಾದ ಗುಣವಲ್ಲ’ ಎಂಬ ಅರ್ಥದ ಸಾಲನ್ನು ಮೂರು ಮಿಲಿಮೀಟರಿಗಿಂತ ಕಡಿಮೆಯಿಲ್ಲದ ಅಕ್ಷರದಲ್ಲಿ ಹಾಕಬೇಕು ಅಂತ ನಿಯಮ. ನಾನು ಸ್ಕೇಲ್ ಇಟ್ಟು ಅಳೆದು ಹಾಕಿದ್ದೇನೆ. ಓದಿದವರು ಯಾರೂ ಇದುವರೆಗೆ ಸಿಕ್ಕಿಲ್ಲ.

ಕೆಂಪು ಬಾಟಲಿ

ಈಗ ನಮ್ಮ ಹುಡುಗಿ ತಂದ ಶರಬತ್ತಿಗೆ ಬರೋಣ. ಉತ್ತರ ಕನ್ನಡದಲ್ಲಿ ಮುರುಗಲು, ತುಳು ಸೀಮೆಯಲ್ಲಿ ಪುನರ್ಪುಳಿ, ಅಂಗಡಿಗಳಲ್ಲಿ ಕೋಕಂ. ಹಣ್ಣು ಒಂದೇ. ಪಶ್ಚಿಮ ಘಟ್ಟದ ಮರ. ಏಪ್ರಿಲ್, ಮೇ ಹೊತ್ತಿಗೆ ಹಣ್ಣಾಗುತ್ತದೆ. ಮಳೆ ಹಿಡಿಯುವ ಮೊದಲು ಸಿಪ್ಪೆ ಒಣಗಿಸಬೇಕು. ಇಲ್ಲದಿದ್ದರೆ ಸಿಪ್ಪೆಗೆ ಸಕ್ಕರೆ ಬೆರೆಸಿ ಭರಣಿಯಲ್ಲಿಟ್ಟು ರಸ ಇಳಿಸಬೇಕು. ಕೊಡಗಿನವರ ಹುಳಿ ಎಂದರೆ ಕಾಚಂಪುಳಿ. ಅದು ಬೇರೆ ಹಣ್ಣಿನದು, ಕಪ್ಪಗೆ ಗಟ್ಟಿಯಾಗಿರುತ್ತದೆ, ಹಂದಿ ಮಾಂಸದ ಸಾರಿಗೆ ಹಾಕುತ್ತಾರೆ. ಹಾಗಾಗಿ ಕೊಡಗಿನ ಹೆಸರು ಹೊತ್ತ ಕೆಂಪು ಕೋಕಂ ಶರಬತ್ತು ಕಂಡರೆ ನನಗೆ ಮೊದಲು ನಮ್ಮ ಪ್ರೆಸ್ಸಿನ ಶೀಟೇ ನೆನಪಾಗುತ್ತದೆ.

ಪದಾರ್ಥಗಳ ಪಟ್ಟಿಯನ್ನು ಮೇಲಿನಿಂದ ಓದಿ. ತೂಕದಲ್ಲಿ ಯಾವುದು ಜಾಸ್ತಿಯೋ ಅದು ಮೊದಲು ಬರಬೇಕು. ಶರಬತ್ತಿನಲ್ಲಿ ಸಕ್ಕರೆ ಮೊದಲು ಬರುವುದು ಸಹಜ. ಅದರ ನಂತರ ಏನಿದೆ? ಕೋಕಂ ರಸವೋ, ಸಿಪ್ಪೆಯೋ ಇದ್ದು, ಪಕ್ಕದಲ್ಲಿ ಶೇಕಡ ಎಷ್ಟು ಎಂದು ಬರೆದಿದ್ದರೆ ಒಳ್ಳೆಯದು. ಹಣ್ಣಿನ ಹೆಸರನ್ನು ಮುಂದೆ ದೊಡ್ಡದಾಗಿ ಹಾಕಿದವರು ಅದು ಎಷ್ಟಿದೆ ಎಂದು ಹೇಳಲೇಬೇಕು. ಹೊರಗಿನಿಂದ ಬೆರೆಸುವ ಹುಳಿ, ಬಣ್ಣಗಳನ್ನು ನಂಬರಿನಲ್ಲಿ ಬರೆಯುವುದುಂಟು. ಸಕ್ಕರೆ, ನೀರು, ಆಮೇಲೆ 330 ಎಂದಿದ್ದರೆ ಅದು ಸಿಟ್ರಿಕ್ ಆಮ್ಲ. ಮೊದಲೇ ಹುಳಿಯಾದ ಹಣ್ಣಿಗೆ ಹೊರಗಿನ ಹುಳಿ ಅಷ್ಟು ಯಾಕೆ ಬೇಕು, ಯೋಚಿಸಿ. ಕೊನೆಯಲ್ಲಿ 122 ಅಥವಾ 124 ಅಥವಾ 129 ಇದ್ದರೆ ಅವು ಕೃತಕ ಕೆಂಪು ಬಣ್ಣಗಳು. 163 ಆದರೆ ಹಣ್ಣು, ತರಕಾರಿಗಳಿಂದ ತೆಗೆದ ಬಣ್ಣ. 211 ಕೆಡದಂತೆ ಹಾಕುವ ಸೋಡಿಯಂ ಬೆಂಜೊಯೇಟ್, ಅದೊಂದೇ ಇದ್ದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ.

ಹೆಸರನ್ನೂ ನೋಡಿ. ‘ಸ್ಕ್ವಾಷ್’ ಎಂದು ಕರೆದುಕೊಂಡರೆ ಕನಿಷ್ಠ 25 ಶೇಕಡ ಹಣ್ಣಿನ ಅಂಶ ಇರಬೇಕು. ‘ಸಿಂಥೆಟಿಕ್ ಸಿರಪ್’ ಎಂದಿದ್ದರೆ ಹಣ್ಣಿನ ಹಂಗೇ ಇಲ್ಲ. ಹಣ್ಣೇ ಇಲ್ಲದ ಮೇಲೆ ಊರಿನ ಪ್ರಶ್ನೆ ಎಲ್ಲಿ ಬಂತು?

ಮನೆಯಲ್ಲಿ ಮಾಡುವ ಒಂದು ಪರೀಕ್ಷೆ ಇದೆ. ಬಿಳಿ ಬಟ್ಟಲಿನಲ್ಲಿ ಶರಬತ್ತನ್ನು ನೀರಿಗೆ ಬೆರೆಸಿ, ಚಿಟಿಕೆ ಅಡುಗೆ ಸೋಡ ಹಾಕಿ. ಹಣ್ಣಿನದೇ ಬಣ್ಣವಾದರೆ ಬುರುಗು ಬಂದು ಕೆಂಪು ಮಾಸುತ್ತದೆ. ಸೋಡ ಹೆಚ್ಚಿಸುತ್ತಾ ಹೋದರೆ ನೇರಳೆ, ಆಮೇಲೆ ಮಸಿಯಂಥ ಬಣ್ಣಕ್ಕೆ ತಿರುಗುತ್ತದೆ. ಕೃತಕ ಕೆಂಪು ಹಾಗೇ ಕೆಂಪಾಗಿ ಕೂತಿರುತ್ತದೆ. ಅವಳ ಎರಡು ಬಾಟಲಿಗಳಲ್ಲಿ ಒಂದು ಮಸಿಯಾಯಿತು. ಇನ್ನೊಂದು ಹೋಳಿ ಬಣ್ಣದ ಹಾಗೆ ನಿಂತೇ ಇತ್ತು. ಆದರೆ ಗಮನಿಸಿ, ಈ ಪರೀಕ್ಷೆ ಬಣ್ಣದ ಮೂಲ ಹೇಳುತ್ತದೆ, ಊರನ್ನು ಹೇಳುವುದಿಲ್ಲ. ಕೋಕಂ ಮಹಾರಾಷ್ಟ್ರದ ಸಿಂಧುದುರ್ಗ, ರತ್ನಾಗಿರಿಯಲ್ಲಿ ಯಥೇಚ್ಛ ಬೆಳೆಯುತ್ತದೆ. ಅಲ್ಲಿಯದಕ್ಕೆ ಜಿಐ ಮಾನ್ಯತೆಯೂ, ಅಂದರೆ ಊರಿನ ಹೆಸರಿಗೆ ಸರ್ಕಾರ ಕೊಡುವ ನೋಂದಣಿಯೂ ಇದೆ. ಮಸಿಯಾದ ಶರಬತ್ತು ಅಲ್ಲಿಯದೂ ಆಗಿರಬಹುದು. ಊರಿಗೆ ವಿಳಾಸವೇ ಗತಿ.

ಕಣ್ಣಿಗೆ ಕಾಣುವ ಗುರುತು ಒಂದಿದೆ. ನಿಜವಾದ ಮುರುಗಲಿನ ಬಣ್ಣ ತಿಂಗಳು ಕಳೆದಂತೆ ಕಂದುತ್ತದೆ. ಬಿಸಿಲು ಬೀಳುವ ಅಂಗಡಿಯ ಮುಂದಿನ ಸಾಲಿನಲ್ಲಿ ವರ್ಷವಿಡೀ ಕುಂಕುಮದಂತೆ ಹೊಳೆಯುವ ಬಾಟಲಿಯನ್ನು ನಾನು ಮುಟ್ಟುವುದಿಲ್ಲ. ನಮ್ಮಲ್ಲಿ ಲೇಬಲ್ ಮಾಡಿಸುವ ಒಬ್ಬ ಹೆಂಗಸಿದ್ದಾರೆ. ವರ್ಷಕ್ಕೆ ಮುನ್ನೂರು ಲೇಬಲ್, ಒಂದೇ ಬಣ್ಣ, ಚಿತ್ರ ಬೇಡ ಅನ್ನುತ್ತಾರೆ. ಜೂನ್ ಕಳೆದ ಮೇಲೆ ಕೇಳಿದರೆ, “ಮುಗೀತಲ್ಲ, ಇನ್ನು ಮುಂದಿನ ವರ್ಷ” ಅನ್ನುತ್ತಾರೆ. ಮುಗಿಯುವುದು ಒಳ್ಳೆಯ ಲಕ್ಷಣ. ಮುಗಿಯದ ಹಣ್ಣಿಗೆ ಮರ ಎಲ್ಲಿದೆ ಅಂತ ಕೇಳಬೇಕು.

ಕಾಫಿಪುಡಿ

ಇದರಲ್ಲಿ ನನಗೆ ಸ್ವಲ್ಪ ಸಂಕಟ ಜಾಸ್ತಿ. ದೇಶದ ಕಾಫಿಯಲ್ಲಿ ಸುಮಾರು 70 ಶೇಕಡ ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದ್ದೇ. ಅಂದರೆ ಇಲ್ಲಿ ಕಣ್ಣುಮುಚ್ಚಿ ಕೊಂಡರೂ ಬೀಜ ಇಲ್ಲಿಯದಾಗಿರುವ ಸಂಭವ ಹೆಚ್ಚು. ಆದರೂ ಪೊಟ್ಟಣದಲ್ಲಿ ಇರುವುದು ಬರೀ ಬೀಜವಲ್ಲ.

ಲೇಬಲ್ಲಿನಲ್ಲಿ ‘ಕಾಫಿ ಇಷ್ಟು ಶೇಕಡ, ಚಿಕೋರಿ ಇಷ್ಟು ಶೇಕಡ’ ಎಂದು ಬರೆಯಲೇಬೇಕು. ಚಿಕೋರಿ 49 ಶೇಕಡ ಮೀರುವಂತಿಲ್ಲ. ಈ 49 ಸುಮ್ನೆ ಬಂದ ಸಂಖ್ಯೆಯಲ್ಲ. ಚಿಕೋರಿ ಅರ್ಧಕ್ಕಿಂತ ಒಂದೇ ಶೇಕಡ ಕಡಿಮೆ ಇದ್ದರೂ ಅದನ್ನು ಕಾಫಿ ಮಿಶ್ರಣ ಅಂತ ಮಾರಬಹುದು. ಚಿಕೋರಿ ಒಂದು ಗೆಡ್ಡೆ. ಅದನ್ನು ಬೆಳೆಯುವುದು ಹೆಚ್ಚಾಗಿ ಗುಜರಾತಿನ ಜಾಮ್‌ನಗರದ ಕಡೆ, ಉತ್ತರ ಪ್ರದೇಶದ ಏಟಾ ಕಡೆ. ಚಿಕ್ಕಮಗಳೂರಿನ ಬೆಟ್ಟದ ಚಿತ್ರ ಇರುವ ಪೊಟ್ಟಣದಲ್ಲಿ ಅರ್ಧದಷ್ಟು ಗುಜರಾತ್ ಇರಬಹುದು. ಚಿಕೋರಿಯನ್ನು ನಾನು ಬೈಯುತ್ತಿಲ್ಲ. ನಮ್ಮ ಮನೆಯಲ್ಲಿ 80:20 ಹಾಕದಿದ್ದರೆ ಡಿಕಾಕ್ಷನ್ ಗಟ್ಟಿ ಬಂದ ಹಾಗೆ ಅನ್ನಿಸುವುದೇ ಇಲ್ಲ. ಎಷ್ಟು ಅಂತ ತಿಳಿದು ಕುಡಿಯುವುದು ಬೇರೆ, ಅಷ್ಟೇ.

ಅನುಮಾನ ಇದ್ದರೆ ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಮೇಲಿನಿಂದ ಪುಡಿ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಕಂದು ಗೆರೆ ಬಿಡುತ್ತಾ ಕೆಳಗೆ ಇಳಿಯುತ್ತದೆ.

ಇನ್ನೊಂದು ಲೆಕ್ಕ ಹೇಳಿಕೊಡುತ್ತೇನೆ. ಇದನ್ನು ನನಗೆ ಹೇಳಿದ್ದು ಒಬ್ಬ ಬೆಳೆಗಾರ ಗಿರಾಕಿ, ಬಿಲ್ ಬುಕ್ ತೆಗೆದುಕೊಳ್ಳಲು ಬಂದಾಗ. ಪೇಪರಿನಲ್ಲಿ ಕಾಫಿ ದರ 50 ಕೆಜಿ ಮೂಟೆಗೆ ಇಷ್ಟು ಅಂತ ಬರುತ್ತದೆ. ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಒಂದು ಮೂಟೆ ಹಲ್ ಮಾಡಿಸಿದರೆ (ಸಿಪ್ಪೆ ಬಿಡಿಸಿದರೆ) ಸುಮಾರು 26 ಕೆಜಿ ಬೀಜ ಸಿಗುತ್ತದೆ. ಹುರಿದಾಗ ತೂಕ 15ರಿಂದ 20 ಶೇಕಡ ಇಳಿಯುತ್ತದೆ. ಉಳಿಯುವುದು 21 ಕೆಜಿ ಚಿಲ್ಲರೆ. ಹಾಗಾಗಿ ಮೂಟೆಯ ದರವನ್ನು 21ರಿಂದ ಭಾಗಿಸಿ. ಒಂದು ಕೆಜಿ ಶುದ್ಧ ಪುಡಿಗೆ ಬೀಜದ ಖರ್ಚೇ ಅಷ್ಟು. ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ಒಳಹೊಟ್ಟಿನ ಸಮೇತ ಒಣಗಿಸಿದ್ದು) ಆದರೆ ಮೂಟೆಗೆ 40 ಕೆಜಿ ಬೀಜ, 33 ಕೆಜಿ ಪುಡಿ. ಅದನ್ನು 33ರಿಂದ ಭಾಗಿಸಿ. ಇದಕ್ಕೆ ಹುರಿಯುವವರ ಕೂಲಿ, ಪೊಟ್ಟಣ, ನಮ್ಮ ಲೇಬಲ್, ಅಂಗಡಿಯವರ ಲಾಭ ಎಲ್ಲ ಸೇರಬೇಕು. ‘ಶುದ್ಧ ಅರೇಬಿಕಾ’ ಅಂತ ಹೇಳಿ ಈ ಲೆಕ್ಕಕ್ಕಿಂತ ಕಡಿಮೆಗೆ ಯಾರಾದರೂ ಮಾರುತ್ತಿದ್ದರೆ ಅವರು ಧರ್ಮಾತ್ಮರಲ್ಲ.

ಊರಿನ ಹೆಸರಿನ ವಿಷಯ. 2019ರಲ್ಲಿ ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎಂಬ ಹೆಸರುಗಳಿಗೆ ಜಿಐ ಸಿಕ್ಕಿತು. ಜೊತೆಗೆ ವಯನಾಡು ರೋಬಸ್ಟಾ, ಅರಕು ಅರೇಬಿಕಾ. ಜಿಐ ಇದ್ದರೆ ಆ ಹೆಸರು ಆ ಪ್ರದೇಶದ ಬೆಳೆಗೇ ಮೀಸಲು. ‘ಚಿಕ್ಕಮಗಳೂರು ಅರೇಬಿಕಾ’ ಎಂದು ಪೂರ್ತಿ ಬರೆದು ಜಿಐ ಗುರುತು ಹಾಕಿದ್ದರೆ ಅದಕ್ಕೊಂದು ತೂಕವಿದೆ. ‘ಚಿಕ್ಕಮಗಳೂರಿನ ಘಮ’ ಎಂದಿದ್ದರೆ ಅದು ನನ್ನಂಥವನು ಪ್ರೆಸ್ಸಿನಲ್ಲಿ ಕೂತು ಕಟ್ಟಿದ ಸಾಲು. ಘಮಕ್ಕೆ ಜಿಲ್ಲೆಯ ಗಡಿ ಇಲ್ಲ, ಅಲ್ವಾ?

ಹಾಸನದವನಾಗಿ ಒಂದು ಹೊಟ್ಟೆಯುರಿ. ನಮ್ಮ ಸಕಲೇಶಪುರ ಸೀಮೆಯ ಕಾಫಿಗೆ ಕಾಫಿ ಮಂಡಳಿಯ ಲೆಕ್ಕದಲ್ಲಿ ‘ಮಂಜರಾಬಾದ್’ ಎಂಬ ಚಂದದ ಹೆಸರಿದೆ. ನಕ್ಷತ್ರದ ಆಕಾರದ ಕೋಟೆ ಇದೆಯಲ್ಲ, ಅದೇ ಮಂಜರಾಬಾದ್. ಆ ಹೆಸರಿನ ಪುಡಿಯ ಲೇಬಲ್ ಮಾಡಿಕೊಡಿ ಎಂದು ನನ್ನ ಹತ್ತಿರ ಒಬ್ಬರೂ ಬಂದಿಲ್ಲ. ಸಕಲೇಶಪುರದ ತೋಟದವರೇ ಬಂದು, “ಚಿಕ್ಕಮಗಳೂರು ಅಂತ ಹಾಕಿ, ಹೋಗುತ್ತೆ” ಅನ್ನುತ್ತಾರೆ. ಅಂದರೆ ನಿಜವಾಗಿ ಇಲ್ಲೇ ಬೆಳೆದದ್ದೂ ಇನ್ನೊಂದು ಊರಿನ ವೇಷ ಹಾಕುತ್ತದೆ. ಹೆಸರು ಒಂದು ಕಡೆ, ಕೆಲಸ ಇನ್ನೊಂದು ಕಡೆ ಇರುವುದು ಹೊಸದಲ್ಲ. ಮಾನ್ಸೂನ್ಡ್ ಮಲಬಾರ್ ಎನ್ನುವ ಕಾಫಿ ಇದೆ. ಮಳೆಗಾಲದ ಕಡಲಗಾಳಿಗೆ ಬೀಜ ಹರಡಿ ಊದಿಸುತ್ತಾರೆ. ಹೆಸರು ಮಲಬಾರ್ ಆದರೂ ಆ ಕೆಲಸ ಹೆಚ್ಚಾಗಿ ಮಂಗಳೂರಿನಲ್ಲಿ ನಡೆಯುತ್ತದೆ.

ಹಾಗಾದರೆ ಏನು ಮಾಡಬೇಕು? ಪೊಟ್ಟಣ ಬಿಡಿ, ಹುರಿಯುವ ಅಂಗಡಿಗೆ ಹೋಗಿ. ಹಾಸನ, ಚಿಕ್ಕಮಗಳೂರು, ಮಡಿಕೇರಿ, ಬೆಂಗಳೂರಿನ ಹಳೆಯ ಬಡಾವಣೆಗಳು, ಎಲ್ಲ ಕಡೆ ಕಣ್ಣೆದುರೇ ಹುರಿದು ಪುಡಿಮಾಡಿಕೊಡುವವರು ಇದ್ದಾರೆ. ಮೂರು ಪ್ರಶ್ನೆ ಕೇಳಿ. ಬೀಜ ಯಾವ ತೋಟದ್ದು ಅಥವಾ ಯಾವ ಕ್ಯೂರಿಂಗ್‌ನಿಂದ (ಬೀಜ ಬಿಡಿಸಿ ವಿಂಗಡಿಸುವ ಕಾರ್ಖಾನೆಯಿಂದ) ಬಂತು? ಪೀಬೆರ್ರಿಯಾ, ಪ್ಲಾಂಟೇಷನ್ ಎ ಗ್ರೇಡಾ, ರೋಬಸ್ಟಾ ಎಷ್ಟು ಸೇರಿಸಿದ್ದೀರಿ? ಹುರಿದದ್ದು ಯಾವತ್ತು? ಗೊತ್ತಿರುವವನು ಈ ಪ್ರಶ್ನೆಗಳಿಗೆ ಖುಷಿಯಾಗಿ ಹತ್ತು ನಿಮಿಷ ಮಾತಾಡುತ್ತಾನೆ. ಗೊತ್ತಿಲ್ಲದವನು “ಎಲ್ಲಾ ಒರಿಜಿನಲ್ಲೇ ಸಾರ್” ಅನ್ನುತ್ತಾನೆ.

ಉಳಿದವು, ಚುಟುಕಾಗಿ

ನೀರು, ಸೋಡ. ಇವುಗಳ ಬಗ್ಗೆ ಚಿಂತೆ ಬೇಡ. ತೂಕ ಜಾಸ್ತಿ, ಬೆಲೆ ಕಡಿಮೆ. ಲಾರಿ ಬಾಡಿಗೆ ಕೊಟ್ಟು ದೂರ ಸಾಗಿಸಿದರೆ ಗಿಟ್ಟುವುದಿಲ್ಲ. ಗೋಲಿ ಸೋಡ, ಇಪ್ಪತ್ತು ಲೀಟರಿನ ಕ್ಯಾನು ನಿಮ್ಮ ಊರಿನ ಆಸುಪಾಸಿನದೇ. ಆದರೆ ಬಾಟಲಿಯ ಮೇಲೆ ಹಿಮದ ಬೆಟ್ಟ ಇದ್ದು ಹಿಂದೆ ‘ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್’ ಎಂದಿದ್ದರೆ ಅದು ಶುದ್ಧೀಕರಿಸಿದ ನೀರು, ಹೆಚ್ಚಾಗಿ ಬೋರ್‌ವೆಲ್ಲಿನದು. ‘ನ್ಯಾಚುರಲ್ ಮಿನರಲ್ ವಾಟರ್’ ಎಂದಿದ್ದರೆ ಮಾತ್ರ ಒಂದು ನಿರ್ದಿಷ್ಟ ಸೆಲೆಯದು.

ಜೀರಾ ಸೋಡಗಳಲ್ಲಿ ಪುತ್ತೂರಿನ ಬಿಂದು ಊರಿನಿಂದಲೇ ಬೆಳೆದದ್ದು. ಅದರ ಬಣ್ಣ, ಬಾಟಲಿ ನೋಡಿ ಹುಟ್ಟಿದ ತದ್ರೂಪಿಗಳನ್ನು ಬೇರೆ ಓದಬೇಕು.

ನೀರಾ. ತೆಂಗಿನ ಹೊಂಬಾಳೆಯ ರಸ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಇಳಿಸಿದ ಕ್ಷಣದಿಂದ ಮಂಜುಗಡ್ಡೆಯಲ್ಲಿ ಇಡಬೇಕು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ‘ಕಲ್ಪರಸ’ ಎಂದು ಕರೆದದ್ದು ಹೀಗೆ ತಣ್ಣಗೆ ಇಳಿಸಿದ್ದನ್ನೇ. ಹಾಗಾಗಿ ಫ್ರಿಜ್ಜಿನಿಂದ ಹೊರಗೆ ಬಿಸಿಲಿನಲ್ಲಿಟ್ಟ ‘ತಾಜಾ ನೀರಾ’ ಕಂಡರೆ ಅದು ಹೆಂಡವಾಗಿರಬೇಕು, ಇಲ್ಲವೇ ಸಕ್ಕರೆ ನೀರು.

ಬೆಂಗಳೂರಿನ ಕ್ರಾಫ್ಟ್ ಬಿಯರ್. ನಾನು ಕುಡಿಯುವವನಲ್ಲ, ಮಗ ಹೇಳಿದ್ದು. ಟ್ಯಾಂಕು ಗಾಜಿನ ಹಿಂದೆ ಕಾಣುತ್ತದೆ, ಅಲ್ಲೇ ಕುದಿಸಿದ್ದು ಎಂಬುದರಲ್ಲಿ ಅನುಮಾನ ಇಲ್ಲ. ಮಾಲ್ಟ್ ಮತ್ತು ಹಾಪ್ಸ್ ಎಷ್ಟೋ ಸಲ ಯುರೋಪಿನಿಂದ ಬಂದಿರುತ್ತದೆ. ಕುದಿಸಿದ್ದು ಇಲ್ಲಿ, ಬೆಳೆ ಹೊರಗಿನದು.

ಹುಡುಗಿ ತಂದ ‘ಹೋಮ್‌ಮೇಡ್ ವೈನ್’. ಕೊಡಗಿನ ಮನೆಗಳಲ್ಲಿ ವೈನ್ ಮಾಡುವುದು ನಿಜವಾದ ಪದ್ಧತಿ. ಆದರೆ ಅಂಗಡಿಯ ಬಾಟಲಿಯಲ್ಲಿ ಮದ್ಯಸಾರ ಎಷ್ಟು ಶೇಕಡ ಎಂದು ಇರಲಿಲ್ಲ. ಸಕ್ಕರೆ, ಫ್ಲೇವರ್, ಬಣ್ಣ ಇತ್ತು. ಅದು ವೈನಿನ ಬಾಟಲಿ ಹಾಕಿಕೊಂಡ ಶರಬತ್ತು. ಲೇಬಲ್ಲೇ ಇಲ್ಲದೆ ಕೈಬದಲಿಯಲ್ಲಿ ಮಾರುವುದನ್ನು ಮುಟ್ಟಬೇಡಿ, ಅದು ಅಬಕಾರಿ ವಿಷಯ.

ಎಳನೀರಿಗೆ ಲೇಬಲ್ ಬೇಡ. ಅದನ್ನೂ ಡಬ್ಬಕ್ಕೆ ತುಂಬಿ ತಂದಿದ್ದಾರೆ ಅನ್ನಿ. ನಮ್ಮ ಪ್ರೆಸ್ಸಿಗೆ ಒಳ್ಳೆಯದು.

ಕೊನೆಗೆ ಒಂದು ಫೋನ್

ಎಲ್ಲ ಓದಿಯೂ ತೀರ್ಮಾನ ಆಗದಿದ್ದರೆ ಲೇಬಲ್ಲಿನಲ್ಲಿ ಗ್ರಾಹಕರ ದೂರಿಗೆಂದು ಒಂದು ಫೋನ್ ನಂಬರ್ ಇರಲೇಬೇಕು. ಅದಕ್ಕೆ ಮಾಡಿ. ಜಗಳದ ಧ್ವನಿ ಬೇಡ. “ನಿಮ್ಮ ಶರಬತ್ತು ಚೆನ್ನಾಗಿತ್ತು, ಆ ಕಡೆ ಬಂದಾಗ ಮಾಡುವ ಜಾಗ ನೋಡಬಹುದಾ?” ಎಂದು ಕೇಳಿ. ನನ್ನ ಮುನ್ನೂರು ಲೇಬಲ್ಲಿನ ಹೆಂಗಸಿಗೆ ಯಾರೋ ಹೀಗೆ ಫೋನ್ ಮಾಡಿದ್ದರಂತೆ. ಬನ್ನಿ, ಊಟಕ್ಕೇ ಬನ್ನಿ, ಆದರೆ ಬರುವ ಮೊದಲು ಹೇಳಿ, ನಾಯಿ ಕಟ್ಟಬೇಕು ಅಂದರಂತೆ. ಹುಡುಗಿಯ ಹೋಳಿ ಬಣ್ಣದ ಬಾಟಲಿಯ ನಂಬರಿಗೂ ನಾವು ಮಾಡಿದೆವು. ರಿಂಗ್ ಆಯಿತು, ಕಟ್ ಆಯಿತು, ಮೂರನೇ ಸಲ ಸ್ವಿಚ್ ಆಫ್.

ಒಂದು ಎಚ್ಚರಿಕೆ. ಸಣ್ಣವರ ಲೇಬಲ್ ನೋಡಲು ಚೆನ್ನಾಗಿರುವುದಿಲ್ಲ. ಅಕ್ಷರ ಓರೆ, ಅಂಟು ಬಿಟ್ಟಿರುತ್ತದೆ. ಅದನ್ನು ನೋಡಿ ಅನುಮಾನಪಡಬೇಡಿ. 212ರಿಂದ ಶುರುವಾಗುವ ನೋಂದಣಿ ನಂಬರ್, ಊರಿನ ವಿಳಾಸ, ತಾರೀಕು ಇದೆಯಾ ನೋಡಿ. ಸಾಕು. ಹೊಳೆಯುವ ಲೇಬಲ್ಲಿಗೆ ದುಡ್ಡು ಬೇಕು, ಆ ದುಡ್ಡು ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತು.

ಹುಡುಗಿ ಬೆಂಗಳೂರಿಗೆ ವಾಪಸ್ ಹೋದಳು. ಐದರಲ್ಲಿ ಮಸಿಯಾದ ಶರಬತ್ತು ಒಂದು, ಕಾಫಿಪುಡಿ ಒಂದು ಜೊತೆಗೆ ಕೊಂಡುಹೋದಳು. ಉಳಿದದ್ದು ಇಲ್ಲೇ ಬಿಟ್ಟಳು. ಹೋದ ತಿಂಗಳು ಒಂದು ಭಾನುವಾರ ಮೊಬೈಲಿಗೆ ಫೋಟೋ ಬಂತು. ಯಾವುದೋ ದೊಡ್ಡ ಮಾಲ್, ‘ನೇಟಿವ್’ ಎಂದು ಬೋರ್ಡು ಹಾಕಿದ ಕಪಾಟು, ಕೆಂಪು ಬಾಟಲಿಗಳ ಸಾಲು. ಕೆಳಗೆ ಬರೆದಿದ್ದಳು: “ಮಾವ, ಇದು ಹೇಗೆ? ಲೈಸೆನ್ಸ್ ನಂಬರ್ ಕಾಣಿಸ್ತಿಲ್ಲ, ತಿರುಗಿಸಿ ಇನ್ನೊಂದು ಫೋಟೋ ತೆಗೀಲಾ?”

ಫೋಟೋ ದೊಡ್ಡದು ಮಾಡಿ ನೋಡಿದೆ. ಮಂಜು ಮುಸುಕಿದ ಬೆಟ್ಟ. ಅದರ ಕೆಳಗೆ, ಒತ್ತಿಲ್ಲದೆ, ‘ಬೆಟದ ತಪ್ಪಲಿನ ಸವಿ’.

ತಿರುಗಿಸುವುದು ಬೇಡ ಎಂದು ಬರೆದೆ.